ತೊಣ್ಣೂರು ಕೆರೆಯಲ್ಲೊಂದು ಮೇಕೆ

ಧನುರ್ಮಾಸದ ಚಳಿಗೆ ಕೆರೆ
ಹೆಪ್ಪು ಹಾಕಿಟ್ಟ ಹಾಲಿನ ಹಾಗೆ ಅಲುಗದೆ ನಿಂತಿದೆ.
ಕೈ ಅದ್ದಿದರೆ ಮೊಣಕೈವರೆಗೂ ಕಚ್ಚುತ್ತದೆ.

ಏರಿಯ ಕಲ್ಲುಸಂದಿಗೆ ಐದು ಬಿದಿರುಕಡ್ಡಿ ನೆಟ್ಟಿದ್ದೇನೆ,
ತುದಿಗೊಂದೊಂದು ಗೆಜ್ಜೆ.
ಹೋದ ವರ್ಷ ಮಾರಿದ ಹೋತನ ಕೊರಳಿನವು.
ಹೋತನನ್ನು ಕೊಟ್ಟೆ, ಸದ್ದು ಕೊಡಲಿಲ್ಲ.

ಬಿಂದಿಗೆಯಲ್ಲಿ ಸಸಲು ಮರಿಗಳು.
ಒಂದನ್ನು ಬೆರಳ ನಡುವೆ ಹಿಡಿದರೆ
ಮಿಡಿಯುವುದು ಅದರ ಎದೆಯೋ ನನ್ನ ನಾಡಿಯೋ
ತಿಳಿಯುವುದಿಲ್ಲ.
"ಬೆನ್ನ ರೆಕ್ಕೆ ಕೆಳಗೆ ಚುಚ್ಲಾ, ಮೂಳೆ ಮುಟ್ಬ್ಯಾಡ.
ಸತ್ತದ್ದನ್ನ ಬಾಳೆಮೀನು ತಿರುಗೂ ನೋಡಾಕಿಲ್ಲ"
ಅನ್ನುತ್ತಾಳೆ ದ್ಯಾವೀರಮ್ಮತ್ತೆ.

ಅವಳಿಗೆ ಕಿವಿ ಕೇಳುವುದಿಲ್ಲ.
ಇಪ್ಪತ್ತು ವರ್ಷ ಆಲೆಮನೆ ಎಂಜಿನ್ನಿನ ಪಕ್ಕ ಕೂತು
ಗಾಣಕ್ಕೆ ಕಬ್ಬು ಕೊಡುತ್ತ ಕೊಡುತ್ತ
ಕಿವಿಯನ್ನೂ ಕೊಟ್ಟುಬಿಟ್ಟಳು.
ನಮ್ಮ ಕಡೆ ಕಬ್ಬು ಅರೆಯುವುದೂ ಗಾಣ,
ಮೀನು ಹಿಡಿಯುವುದೂ ಗಾಣ.

ಅವಳದ್ದು ಒಂದೇ ದಾರ.
ಎಸೆದು, ಕಾಲುಂಗುರದ ಬೆರಳಿಗೆ
(ಹನ್ನೊಂದು ವರ್ಷದಿಂದ ಖಾಲಿ)
ಎರಡು ಸುತ್ತು ಸುತ್ತಿ, ಕಂಬಳಿ ಎಳೆದು,
ನೀರಿನ ಕಡೆ ಕಾಲು ಚಾಚಿ ಮಲಗುತ್ತಾಳೆ.
"ನಿನ್ ಗೆಜ್ಜೆ ಗಾಳಿಗೂ ಕುಣೀತದೆ.
ಬೆಳ್ಳು ಸುಳ್ಳೇಳಾಕಿಲ್ಲ."

ನಿಜವೇ. ಮೊದಲು ಕುಣಿದದ್ದು ಗಾಳಿಗೆ.
ಆಮೇಲೆ ತುದಿಯಿಂದ ಜಾರಿದ ಒಂದು ಹನಿ ಇಬ್ಬನಿಗೆ.
ಮೂರನೆಯ ಸಲ
ಗೆಜ್ಜೆ ಸದ್ದಾಗಲಿಲ್ಲ, ನಡುಗಿತು.
ಅದು ಸಸಲಿನ ನಡುಕ.
ಕತ್ತಲಲ್ಲಿ ಯಾರೋ ಬರುತ್ತಿದ್ದಾರೆ ಅಂತ
ಮೊದಲು ಗೊತ್ತಾಗುವುದು ಅದಕ್ಕೆ,
ಅದು ನನಗೆ ಹೇಳುತ್ತದೆ,
ನಾನು ಖುಷಿಪಡುತ್ತೇನೆ.

ಬಂದದ್ದು ಟಾರ್ಚು.
ಕೆರೆ ಟೆಂಡರ್ ಹಿಡಿದವರ ಕಾವಲುಗಾರ ಸಣ್ಣಸ್ವಾಮಿ,
ಮಂಕಿಟೋಪಿ, ಮೇಲೊಂದು ಮಫ್ಲರ್.
"ಯಾರ್ಲಾ ಅದು? ಏನದು ಗೆಜ್ಜೆ ಸದ್ದು?"
"ಮೇಕೆ ಕಣಣ್ಣ. ಸಂಜೆಯಿಂದ ಕಾಣ್ತಿಲ್ಲ."
"ಎಂತಾ ಮೇಕೆ?"
"ಕರೀದು. ಎಡಗಿವಿ ಮ್ಯಾಲೆ ಬಿಳೀ ಮಚ್ಚೆ."
ಬಾಯಿಗೆ ಬಂದದ್ದು ಅದೇ ಹೋತ.

ಅವನು ನಂಬಿದ.
ನನ್ನ ಕಡ್ಡಿಗಳಿಗೆ ಬೆನ್ನು ಮಾಡಿ
ಬಂಡೆ ಬಂಡೆಗೂ ಬೆಳಕು ಬಿಟ್ಟು
"ಬ್ಯಾ... ಬ್ಯಾ..." ಅಂತ ಕರೆದ.
ನಾನೂ ಕರೆದೆ.
ಮೀಸೆ ಹೊತ್ತ ಇಬ್ಬರು ಗಂಡಸರು
ನಡುರಾತ್ರಿಯಲ್ಲಿ ಇಲ್ಲದ ಮೇಕೆಯನ್ನು.

ಟಾರ್ಚು ಹೀಗೆ ತಿರುಗಿದಾಗ ಕಂಡೆ:
ಕಂಬಳಿಯಂಚಿನಿಂದ ಹೊರಬಿದ್ದ ಅತ್ತೆಯ ಕಾಲು.
ದಾರ ಬಿಗಿದು ಬೆರಳು ನೇರಳೆಹಣ್ಣಿನ ಬಣ್ಣ,
ನೀರಿನ ಕಡೆಗೆ ಬಾಗುತ್ತಿದೆ.
ಅತ್ತೆ ಎಚ್ಚರವಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ.
ತುಟಿ ಕಚ್ಚಿದ್ದಾಳೆ. ಅಲುಗುತ್ತಿಲ್ಲ.

"ಅಮ್ಮನಿಗೇನು, ಜರವಾ?"
"ಊಂ. ಚಳಿಜರ."
ಸಣ್ಣಸ್ವಾಮಿ ಬಗ್ಗಿ, ತನ್ನ ಮಫ್ಲರ್ ಬಿಚ್ಚಿ
ಅವಳ ತಲೆಗೆ ಸುತ್ತಿದ,
ಕೇಳದ ಕಿವಿ ಎರಡೂ ಮುಚ್ಚುವ ಹಾಗೆ.
"ಸಿಕ್ರೆ ಕಟ್ಟಾಕಿರ್ತೀನಿ. ಬೆಳಿಗ್ಗೆ ಬಾ."
ಬ್ಯಾ, ಬ್ಯಾ, ತೂಬಿನ ಕಡೆಗೆ ದನಿ ಸಣ್ಣದಾಯಿತು.

ಎದ್ದು ಕೂತಳು. ಬೈಯಲೂ ಇಲ್ಲ,
ಮೊಳ ಮೊಳ ಎಳೆದಳು.
ಬಂತು, ತೋಳುದ್ದ, ಮೀಸೆ ಮೀನು,
ಕಲ್ಲಿನ ಮೇಲೆ ಒದ್ದೆ ಬಟ್ಟೆ ಒಗೆದಂತೆ ಬಡಿದುಕೊಂಡಿತು.
ಅದರ ಬಾಯಲ್ಲಿ ಸಸಲು. ಇನ್ನೂ ಕಿವಿರು ಆಡುತ್ತಿತ್ತು.
ಅತ್ತೆ ಅದನ್ನು ಬಿಡಿಸಿ ನೀರಿಗೆ ಹಾಕಿದಳು.
ಸ್ವಲ್ಪ ದೂರ ಓರೆಯಾಗಿ ಹೋಯಿತು.
ಆಮೇಲೇನಾಯಿತೋ, ಕತ್ತಲು.

ಬೆಳಕು ಹರಿದಾಗ ಬೆರಳಲ್ಲಿ
ಎರಡು ಸುತ್ತು ಕೆಂಪು.
ಕಾಲು ಮುಂದಿಟ್ಟು ಒಂದು ಗಳಿಗೆ ನೋಡಿಕೊಂಡಳು,
ಚಪ್ಪಲಿ ಮೆಟ್ಟಿದಳು.

"ಮಫ್ಲರ್ ವಾಪಸ್ ಕೊಡ್ಬೇಕು ಕಣ್ಲಾ.
ಬಾಲದ ಕಡೆ ಒಂದು ತುಂಡೂ ಕೊಟ್ಬುಡು."

ಗೆಜ್ಜೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ.
ಹೆಜ್ಜೆಗೊಂದು ಸಲ ಘಲ್ಲೆನ್ನುತ್ತಿತ್ತು,
ಏರಿಯುದ್ದಕ್ಕೂ.
"ಮೇಕೆ ಸಿಕ್ತಾ ಅಂತ ಕೇಳಿದ್ರೆ
ಏನೇಳ್ಲತ್ತೆ?"

ಅವಳಿಗೆ ಕೇಳಿಸಲಿಲ್ಲ.